ಹೂವಿನ ದುಡ್ಡು ಯಾರ ಫೋನಿಗೆ

ಬಸ್ ಟಿಕೆಟ್ಟಿನ ಹಿಂಬದಿಗೆ ಒಂದು ಕಾಲದಲ್ಲಿ ಬೆಲೆ ಇತ್ತು. ಕಂಡಕ್ಟರು ಅಲ್ಲಿ ಬಾಲ್‌ಪೆನ್ನಿನಲ್ಲಿ ಒಂದು ಅಂಕಿ ಬರೆದು, ಸುತ್ತ ಗೆರೆ ಎಳೆದು, ‘ಇಳಿಯುವಾಗ ಇಸ್ಕೊಳ್ಳಿ’ ಅಂದು ಮುಂದೆ ಹೋಗುತ್ತಿದ್ದರು. ಇಳಿಯುವ ಹೊತ್ತಿಗೆ ಬಸ್ಸು ಕಿಕ್ಕಿರಿದಿರುತ್ತಿತ್ತು. ಕಂಡಕ್ಟರು ಮುಂದಿನ ಬಾಗಿಲ ಹತ್ತಿರ, ನಾವು ಹಿಂದಿನ ಬಾಗಿಲ ಹತ್ತಿರ. ಎಂಟು ರೂಪಾಯಿಗಾಗಿ ಬಸ್ಸು ನಿಲ್ಲಿಸಿ ಗಲಾಟೆ ಮಾಡುವುದು ಎಲ್ಲರಿಗೂ ಬರುವುದಿಲ್ಲ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಇರುವವರಿಗಂತೂ ಬರುವುದೇ ಇಲ್ಲ. ಕಂಡಕ್ಟರದ್ದೇ ತಪ್ಪು ಅನ್ನಲಾರೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಎಲ್ಲರೂ ನೂರರ ನೋಟು ಚಾಚಿದರೆ ಅವರಾದರೂ ಎಲ್ಲಿಂದ ತಂದಾರು?

ದಿನಸಿ ಅಂಗಡಿಯಲ್ಲಿ ಎರಡು ರೂಪಾಯಿ ಬಾಕಿಗೆ ಎರಡು ಚಾಕೊಲೇಟ್ ಬರುತ್ತಿತ್ತು. ಮೆಡಿಕಲ್ ಸ್ಟೋರಿನಲ್ಲಿ ಬೇಡದ ಒಂದು ಬ್ಯಾಂಡೇಜ್ ಪಟ್ಟಿ. ಹತ್ತು ರೂಪಾಯಿ ನಾಣ್ಯ ಕೊಟ್ಟರೆ ‘ಇದು ನಡೆಯಲ್ಲ’ ಅಂತ ವಾಪಸು ತಳ್ಳುತ್ತಿದ್ದರು. ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಪ್ರಕಟಣೆ ಕೊಟ್ಟ ಮೇಲೂ ನಮ್ಮ ಕಡೆಯ ಎಷ್ಟೋ ಅಂಗಡಿಗಳು ಒಪ್ಪಲಿಲ್ಲ. ಈ ಸಣ್ಣ ಸಣ್ಣ ಅವಮಾನಗಳೆಲ್ಲ ಸೇರಿ ಬಡವರ ದಿನವನ್ನು ಎಷ್ಟು ಕಹಿ ಮಾಡುತ್ತಿದ್ದವು ಎನ್ನುವುದು ಅದು ನಿಂತ ಮೇಲೇ ನನಗೆ ಸರಿಯಾಗಿ ಗೊತ್ತಾದದ್ದು. ಇವತ್ತು ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಹದಿಮೂರು ರೂಪಾಯಿ ಅಂದರೆ ಹದಿಮೂರೇ. ‘ಹದಿನೈದು ಮಾಡ್ಕೊಳ್ಳಿ ಅಕ್ಕ, ಚಿಲ್ಲರೆ ಇಲ್ಲ’ ಎನ್ನುವ ಮಾತು ಕೇಳಿ ಬಹಳ ದಿನವಾಯಿತು. ಫೋನಿನಲ್ಲಿ ದುಡ್ಡು ಕೊಡುವುದರ ಬಗ್ಗೆ ನನಗಿರುವ ತಕರಾರನ್ನು ಹೇಳುವ ಮೊದಲು ಈ ಉಪಕಾರವನ್ನು ಮನಸಾರೆ ಒಪ್ಪಿಕೊಳ್ಳಬೇಕು.

ಇದೆಲ್ಲ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ರಘುರಾಮ್ ರಾಜನ್ ಯುಪಿಐಗೆ ಚಾಲನೆ ಕೊಟ್ಟರು. ಅದನ್ನು ಕಟ್ಟಿದ್ದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್. ಯಾವ ಬ್ಯಾಂಕಿನ ಖಾತೆಯಿಂದ ಯಾವ ಬ್ಯಾಂಕಿನ ಖಾತೆಗಾದರೂ, ಭಾನುವಾರವಾಗಲಿ ನಡುರಾತ್ರಿಯಾಗಲಿ, ದುಡ್ಡು ಆ ಕ್ಷಣಕ್ಕೆ ಹೋಗಿ ಸೇರುವ ಹಾಗೆ ಮಾಡಿದರು. ಅದೇ ವರ್ಷ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾಗಿ ಊರೆಲ್ಲ ಎಟಿಎಂ ಮುಂದೆ ನಿಂತಾಗ ಜನ ಫೋನಿನ ಕಡೆ ತಿರುಗಿದರು. ಬೀದಿಯ ಗಾಡಿಗಳವರೆಗೆ ಅದು ಹೋಗಿ ಮುಟ್ಟಿದ್ದಕ್ಕೆ ಮಾತ್ರ ಬೇರೊಂದು ಕಾರಣವಿದೆ, ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. 2020ರ ಜನವರಿಯಿಂದ ಯುಪಿಐನಲ್ಲಿ ದುಡ್ಡು ಪಡೆಯುವ ವ್ಯಾಪಾರಿಯಿಂದ ಬ್ಯಾಂಕುಗಳು ಕಮಿಷನ್ ಹಿಡಿಯುವಂತಿಲ್ಲ ಎಂದು ಸರ್ಕಾರ ಮಾಡಿತು. ಕಾರ್ಡು ಉಜ್ಜುವ ಯಂತ್ರ ಇಟ್ಟುಕೊಂಡವರಿಗೆ ನೂರಕ್ಕೆ ಇಷ್ಟು ಎಂದು ಕಡಿತವಾಗುತ್ತಿತ್ತು. ಸೊಪ್ಪು ಮಾರುವವರಿಗೆ ಅದು ಕೈಗೆಟುಕುವ ಮಾತಾಗಿರಲಿಲ್ಲ. ಈಗ ಒಂದು ಕ್ಯೂಆರ್ ಚೀಟಿ ಅಂಟಿಸಿಕೊಂಡರೆ ಸಾಕು, ಹತ್ತು ರೂಪಾಯಿ ಕಳಿಸಿದರೆ ಹತ್ತೂ ಬರುತ್ತದೆ. 2023ರ ಆಗಸ್ಟ್‌ನಲ್ಲಿ ತಿಂಗಳಿಗೆ 1000 ಕೋಟಿ ವಹಿವಾಟು ದಾಟಿತ್ತು. ಎರಡೇ ವರ್ಷದಲ್ಲಿ, 2025ರ ಆಗಸ್ಟ್‌ನಲ್ಲಿ, 2000 ಕೋಟಿ ದಾಟಿತು. ಇದರಲ್ಲಿ ನಮ್ಮ ನಿಮ್ಮ ಕಾಫಿ, ಕೊತ್ತಂಬರಿ ಸೊಪ್ಪು, ಆಟೋ ಬಾಡಿಗೆಯೂ ಸೇರಿದೆ.

ಆಮೇಲೆ ಮಾತಾಡುವ ಡಬ್ಬಿ ಬಂತು. ನಾನು ತುಂಬ ಮೆಚ್ಚುವುದು ಇದನ್ನೇ. ಅದಕ್ಕೂ ಮೊದಲು ಗಿರಾಕಿ ‘ಹೋಯ್ತು ನೋಡಿ’ ಅಂತ ಫೋನು ತೋರಿಸಿದರೆ ನಂಬಬೇಕಾಗಿತ್ತು. ಓದು ಬಾರದವರು, ಕಣ್ಣು ಮಂಜಾದವರು, ಗಿರಾಕಿ ಮುತ್ತಿಕೊಂಡಿರುವಾಗ ತಲೆ ಎತ್ತಲೂ ಆಗದವರು ಏನು ಮಾಡಬೇಕು? ನಿನ್ನೆಯ ಪಾವತಿಯ ಸ್ಕ್ರೀನ್‌ಶಾಟ್ ತೋರಿಸಿ ಎರಡು ಕೆಜಿ ಸೇಬು ಒಯ್ದವರೂ ಇದ್ದರು. ಈಗ ಡಬ್ಬಿ ಕನ್ನಡದಲ್ಲಿ ಗಟ್ಟಿಯಾಗಿ ಇಷ್ಟು ರೂಪಾಯಿ ಬಂದಿದೆ ಎಂದು ಹೇಳುತ್ತದೆ. ಕೆಲವು ಡಬ್ಬಿಗಳಲ್ಲಿ ಕಿಚ್ಚ ಸುದೀಪ್ ದನಿಯೇ ಹೇಳುತ್ತದೆ. ಕಡಲೆಕಾಯಿ ಹುರಿಯುತ್ತಿರುವ ಕೈ ಬಾಣಲೆ ಬಿಡಬೇಕಾಗಿಲ್ಲ. ಅಕ್ಷರ ಬಾರದ ಒಬ್ಬ ಮುದುಕರು ಯಾರ ಮುಖವನ್ನೂ ಕೇಳುವ ಕಣ್ಣಿನಿಂದ ನೋಡದೆ ತಮ್ಮ ವ್ಯಾಪಾರವನ್ನು ತಾವೇ ನಡೆಸುವುದನ್ನು ಕಂಡಾಗ, ಇದನ್ನು ಮಾಡಿದವರ ಹೊಟ್ಟೆ ತಣ್ಣಗಿರಲಿ ಅನ್ನಿಸಿದೆ.

ಸಾಲದ ವಿಷಯದಲ್ಲೂ ಒಂದು ಒಳ್ಳೆಯದಾಯಿತು. ತರಕಾರಿ, ಹೂವು, ಹಣ್ಣು ಮಾರುವವರ ದೊಡ್ಡ ಶತ್ರು ಮೀಟರ್ ಬಡ್ಡಿ. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ಎಣಿಸಿಕೊಂಡು ಹೋಗುವವರು ಪ್ರತಿ ಮಾರ್ಕೆಟ್ಟಿನಲ್ಲೂ ಇದ್ದಾರೆ. ಆಧಾರ ಇಡಲು ಏನೂ ಇಲ್ಲದವರಿಗೆ ಬ್ಯಾಂಕು ಬಾಗಿಲು ತೆಗೆಯುತ್ತಿರಲಿಲ್ಲ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ‘ಬಡವರ ಬಂಧು’ ಅಂತ ಸಹಕಾರಿ ಬ್ಯಾಂಕುಗಳ ಮೂಲಕ ಬಡ್ಡಿಯಿಲ್ಲದ ಸಾಲ ಕೊಡಿಸಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಬಂತು. ಆಗ ಮೊದಲ ಕಂತು ಹತ್ತು ಸಾವಿರ ಇತ್ತು. ಫೋನಿನಲ್ಲಿ ದುಡ್ಡು ಪಡೆಯುವವರಿಗೆ ವರ್ಷಕ್ಕೆ 1200 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಸಿಗುತ್ತಿತ್ತು. ಗಾಡಿಗೆ ಗಾಡಿಗೂ ಕ್ಯೂಆರ್ ಚೀಟಿ ಬರುವುದಕ್ಕೆ ಇದೂ ಒಂದು ಕಾರಣ. ದಿನಕ್ಕೆ ಇಷ್ಟು ವ್ಯಾಪಾರ ಮಾಡುತ್ತೇನೆ ಎಂದು ತೋರಿಸುವ ಕಾಗದ ಹುಟ್ಟಿದ ಲಾಗಾಯ್ತು ಇಲ್ಲದಿದ್ದವರಿಗೆ ಅಂಥದ್ದೊಂದು ದಾಖಲೆ ತಾನಾಗಿಯೇ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕೊರೆಯುವ ವಿಷಯ ಒಂದಿದೆ.

ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗ, ಮೊತ್ತ ಹಾಕುವ ಮೊದಲು, ದುಡ್ಡು ಯಾರಿಗೆ ಹೋಗುತ್ತದೆ ಎನ್ನುವ ಹೆಸರು ಬರುತ್ತದೆ. ನಾವು ಬಹಳ ಮಂದಿ ಅದನ್ನು ಓದದೆ ಮುಂದಕ್ಕೆ ಒತ್ತುತ್ತೇವೆ. ಮೋಸದಿಂದ ಪಾರಾಗುವುದಕ್ಕೆ ಆ ಹೆಸರು ಓದಿ ಎಂದು ಬ್ಯಾಂಕಿನವರು ಹೇಳುತ್ತಲೇ ಇರುತ್ತಾರೆ. ಅಂಗಡಿಯವರ ಚೀಟಿಯ ಮೇಲೆ ರಾತ್ರೋರಾತ್ರಿ ತಮ್ಮ ಚೀಟಿ ಅಂಟಿಸಿ ಹೋದ ಕಳ್ಳರೂ ಇದ್ದಾರೆ. ಹಾಗಾಗಿ ಓದುವ ರೂಢಿ ಮಾಡಿಕೊಂಡೆ. ಓದುತ್ತಾ ಹೋದ ಹಾಗೆ ನನಗೆ ಕಂಡದ್ದು ಮೋಸಗಾರರ ಹೆಸರಲ್ಲ. ಮೈಸೂರಿನ ಚಿಕ್ಕ ಗಡಿಯಾರದ ಸುತ್ತ, ಅಗ್ರಹಾರದ ಸರ್ಕಲ್ಲಿನಲ್ಲಿ, ನಮ್ಮ ಬಡಾವಣೆಯ ಗಣಪತಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತವರು ಹೆಂಗಸರು. ಪರದೆಯ ಮೇಲೆ ಬರುವ ಹೆಸರುಗಳು ಗಂಡಸರವು. ಸೊಪ್ಪಿನವರು ಹೆಂಗಸು, ಹೆಸರು ಗಂಡಸಿನದು. ಮುಸುಕಿನ ಜೋಳ ಸುಡುವವರು ಹೆಂಗಸು, ಹೆಸರು ಗಂಡಸಿನದು. ಮಲ್ಲಿಗೆಯವರು, ನಿಂಬೆಹಣ್ಣಿನವರು, ಸಂಜೆ ಬಜ್ಜಿ ಕರಿಯುವವರು, ಎಲ್ಲ ಕಡೆ ಅದೇ.

ಗುಡಿ ಮುಂದಿನ ಹೂವಿನಮ್ಮನನ್ನು ಕೇಳಿದೆ. ಅವರಲ್ಲಿ ನಾನು ಬಹಳ ವರ್ಷಗಳಿಂದ ಹೂವು ತೆಗೆದುಕೊಳ್ಳುತ್ತೇನೆ, ಕೇಳುವ ಸಲಿಗೆ ಇದೆ. ‘ಇದು ನಮ್ಮ ಹುಡುಗನ ಅಕೌಂಟು ಕಣಕ್ಕ. ನನ್ನ ಫೋನಲ್ಲಿ ಅವೆಲ್ಲ ಬರಾಕಿಲ್ಲ’ ಅಂದರು. ಅವರ ಹತ್ತಿರ ಇರುವುದು ಬಟನ್ ಫೋನು. ಮಾತಾಡುತ್ತಲೇ ಮೊಳಕೈಯಿಂದ ಬೆರಳ ತುದಿಯವರೆಗೆ ಹೂವು ಅಳೆದು, ಅದರ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಹರಿದು, ಬಾಳೆ ಎಲೆಯಲ್ಲಿ ಸುತ್ತಿದರು.

ಅವರ ವ್ಯಾಪಾರ ಹೇಗೆ ನಡೆಯುತ್ತದೆ ಎನ್ನುವುದನ್ನು ಹೇಳಿದರೆ ತೊಂದರೆ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಬೆಳಕು ಹರಿಯುವ ಮೊದಲೇ ಹೋಗಿ ಸಗಟು ಹೂವು ತರಬೇಕು. ಅಲ್ಲಿ ಮುಂಚೆ ಬಂದವರಿಗೆ ಒಳ್ಳೆಯ ಮೊಗ್ಗು, ನಗದು ಕೊಟ್ಟವರಿಗೆ ಒಂದೆರಡು ರೂಪಾಯಿ ಕಡಿಮೆ. ಬಿಸಿಲೇರುವವರೆಗೆ ಕಟ್ಟಬೇಕು, ಮಧ್ಯಾಹ್ನ ಒದ್ದೆ ಬಟ್ಟೆ ಹೊದಿಸಿ ಕಾಪಾಡಬೇಕು, ಸಂಜೆ ಮಾರಬೇಕು. ಉಳಿದದ್ದು ನಾಳೆಗೆ ಬಾರದು. ಮೊದಲ ಗಿರಾಕಿಯ ದುಡ್ಡು ಬೋಣಿ. ಅದನ್ನು ಕಣ್ಣಿಗೆ ಒತ್ತಿಕೊಂಡು, ಬುಟ್ಟಿಗೆ ಸೋಕಿಸಿ, ಕೂತ ಗೋಣಿತಾಟಿನ ಕೆಳಗೆ ಸೇರಿಸುತ್ತಿದ್ದರು. ಸಂಜೆ ಆ ತಾಟು ಎತ್ತಿದರೆ ಅಂದಿನ ಸಂಪಾದನೆ ಕಣ್ಣೆದುರು. ನಾಳೆಯ ಹೂವಿಗೆ ಇಷ್ಟು, ಮನೆಗೆ ಇಷ್ಟು, ಚೀಟಿಗೆ ಇಷ್ಟು, ಯಾರಿಗೂ ಹೇಳದೆ ತನಗೆ ಇಷ್ಟು. ಪಾಲು ಮಾಡುವವರು ಅವರೇ ಆಗಿದ್ದರು.

ಈಗ ತಾಟಿನ ಕೆಳಗೆ ಸೇರುವುದು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಹೋಗುವುದು ಮಗನ ಖಾತೆಗೆ. ಮಗ ಕೆಟ್ಟವನಲ್ಲ, ಇದನ್ನು ಒತ್ತಿ ಹೇಳಬೇಕು. ಕೆಲಸ ಮಾಡುತ್ತಾನೆ, ರಾತ್ರಿ ಎಷ್ಟೇ ಹೊತ್ತಾದರೂ ಎಟಿಎಂನಿಂದ ತೆಗೆದು ಅಮ್ಮನ ಕೈಗೆ ಕೊಡುತ್ತಾನೆ. ಆದರೆ ಆ ಖಾತೆಯ ಮೇಲೆ ಬೈಕಿನ ಸಾಲವಿದೆ. ಕಂತಿನ ದಿನ ಬ್ಯಾಂಕು ಯಾರನ್ನೂ ಕೇಳದೆ ದುಡ್ಡು ಎಳೆದುಕೊಳ್ಳುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನಗಳಲ್ಲಿ ಹೂವಿನ ಬೆಲೆ ಗಗನಕ್ಕೇರಿರುತ್ತದೆ, ಬಂಡವಾಳ ದುಪ್ಪಟ್ಟು ಬೇಕು. ಅಂಥ ಒಂದು ಬೆಳಿಗ್ಗೆ ಹಿಂದಿನ ಸಂಜೆಯ ಮಲ್ಲಿಗೆಯ ದುಡ್ಡೆಲ್ಲ ಬೈಕಿನ ಕಂತಿಗೆ ಹೋಗಿತ್ತು. ಅವನು ಬೇಕಂತ ಮಾಡಿದ್ದಲ್ಲ, ಅವನಿಗೂ ಮೆಸೇಜು ನೋಡಿದ ಮೇಲೇ ಗೊತ್ತಾದದ್ದು. ಆಯಮ್ಮ ಮೀಟರ್ ಬಡ್ಡಿಯವರ ಹತ್ತಿರ ಹೋದರು. ‘ಯಾರ್ನ ಬಯ್ಯದು ಹೇಳಕ್ಕ? ಮಷೀನ್ ಎತ್ಕಂಡೋಯ್ತು’ ಎಂದು ಅವರು ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ.

ಹೆಂಗಸರ ಕೈಯಲ್ಲಿ ನಗದು ಇರುವುದಕ್ಕೂ ಮನೆಯಲ್ಲಿ ಅವರ ಮಾತು ನಡೆಯುವುದಕ್ಕೂ ಹತ್ತಿರದ ನಂಟಿದೆ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಮೂಟೆಯೊಳಗೆ, ಟ್ರಂಕಿನ ತಳದ ಸೀರೆ ಮಡಿಕೆಯಲ್ಲಿ ದುಡ್ಡು ಇಟ್ಟದ್ದು ಕದ್ದು ಮುಚ್ಚಿ ಮಜಾ ಮಾಡುವುದಕ್ಕಲ್ಲ. ಮಗಳ ಪರೀಕ್ಷೆ ಫೀಸು, ತವರಿನಲ್ಲಿ ಕಾಯಿಲೆ ಬಿದ್ದ ತಾಯಿ, ಕುಡಿದು ಬರುವ ಗಂಡ, ಇವುಗಳಿಗೆ ಅವರಿಗಿದ್ದ ರಕ್ಷಣೆ ಅದೊಂದೇ. ನೋಟು ರದ್ದಾದ 2016ರ ಆ ವಾರ ಎಷ್ಟೋ ಮನೆಗಳಲ್ಲಿ ಹೆಂಗಸರು ಆ ಗಂಟನ್ನು ತೆಗೆದು ಗಂಡನ ಕೈಗೆ ಕೊಡಬೇಕಾಯಿತು, ಬ್ಯಾಂಕಿಗೆ ಹೋಗಿ ಬದಲಾಯಿಸಿ ತನ್ನಿ ಅಂತ. ಅಂಗಳದಲ್ಲಿ ನಕ್ಕವರು ನಕ್ಕರು. ವಾಪಸು ಎಷ್ಟು ಬಂತು ಎನ್ನುವುದನ್ನು ಯಾರೂ ಕೇಳಲಿಲ್ಲ. ಫೋನಿನ ದುಡ್ಡು ಅದೇ ಕೆಲಸವನ್ನು ಸದ್ದಿಲ್ಲದೆ, ದಿನಾ, ಸ್ವಲ್ಪ ಸ್ವಲ್ಪವಾಗಿ ಮಾಡುತ್ತಿದೆ ಎನ್ನುವುದು ನನ್ನ ಭಯ. ಮನೆಯಲ್ಲಿ ಎಲ್ಲರ ಬ್ಯಾಂಕ್ ಖಾತೆಗೂ ಒಂದೇ ನಂಬರು ಕೊಟ್ಟಿರುತ್ತೇವೆ, ಯಜಮಾನರದ್ದೋ ದೊಡ್ಡ ಮಗನದ್ದೋ. ಹೆಂಡತಿ ತಂಗಿಗೆ ಐನೂರು ಕಳಿಸಿದರೆ ಗಂಡನ ಜೇಬಿನಲ್ಲಿ ಫೋನು ಕುಂಯ್ ಅನ್ನುತ್ತದೆ. ಊರಿಗೆ ಹೊರಟ ಮಗಳ ಅಂಗೈಗೆ ತಾಯಿ ಮಡಿಸಿದ ನೋಟು ತುರುಕಿ, ಮುಷ್ಟಿ ಮುಚ್ಚಿ, ‘ಇಟ್ಕೋ, ಯಾರಿಗೂ ಹೇಳಬೇಡ’ ಎನ್ನುವುದಕ್ಕೆ ಈ ಏರ್ಪಾಟಿನಲ್ಲಿ ಜಾಗವಿಲ್ಲ.

ದಾಖಲೆ ಉಳಿಯುವುದರ ಇನ್ನೊಂದು ಮುಖವನ್ನು ಕರ್ನಾಟಕದ ಸಣ್ಣ ವ್ಯಾಪಾರಿಗಳೆಲ್ಲ 2025ರ ಜುಲೈನಲ್ಲಿ ನೋಡಿದರು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು, ಸರಕು ಮಾರುವವರಲ್ಲಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಲ್ಲಿ 20 ಲಕ್ಷ ದಾಟಿದವರಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸು, ಹಾಲಿನ ಅಂಗಡಿ, ಟೀ ಅಂಗಡಿ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಿ ಎಂದು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಬಿಡಿ ಹಾಲಿಗೂ ಇಲ್ಲ. ಕೈಗೆ ಬಂದ ಒಟ್ಟು ದುಡ್ಡು ಬೇರೆ, ಲಾಭ ಬೇರೆ. ತರಕಾರಿಯವರ ಕೈಯಲ್ಲಿ ನೂರು ರೂಪಾಯಿ ಓಡಾಡಿದರೆ ಉಳಿಯುವುದು ಎಷ್ಟು ಎಂದು ಚೌಕಾಸಿ ಮಾಡಿದ ಯಾರಿಗಾದರೂ ಗೊತ್ತು. ಆ ವಾರ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಕೈಬರಹದ ರಟ್ಟು ತೂಗಿಹಾಕಿದರು. ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕೂರಿಸಿಕೊಂಡು ಮಾತಾಡಿ, ತೆರಿಗೆಯಿಲ್ಲದ ಸರಕು ಮಾರುವವರನ್ನು ಕಾಡುವುದಿಲ್ಲ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ಬಂದ್ ಕೈಬಿಟ್ಟರು.

ತೆರಿಗೆ ಕಟ್ಟಬೇಕಾದವರು ಕಟ್ಟಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಫೋನಿನಲ್ಲಿ ದುಡ್ಡು ತಗೊಳ್ಳಿ, ಕ್ಯಾಶ್‌ಬ್ಯಾಕ್ ಕೊಡುತ್ತೇವೆ ಎಂದು ಕರೆದು, ವರ್ಷಗಳ ಕಾಲ ಸುಮ್ಮನಿದ್ದು, ಒಂದು ದಿನ ಏಕಾಏಕಿ ನಾಲ್ಕು ವರ್ಷದ ಲೆಕ್ಕ ಮುಂದಿಟ್ಟರೆ ಸಣ್ಣವರ ಎದೆ ಒಡೆಯುತ್ತದೆ. ತಿಳಿಸಿ ಹೇಳುವ ಕೆಲಸ ಮೊದಲೇ ಆಗಬೇಕಿತ್ತು. ಬಿಡಿ ಹೂವಿಗೂ ತೆರಿಗೆಯಿಲ್ಲ. ಆದರೂ ನಮ್ಮ ಹೂವಿನಮ್ಮ ಆ ದಿನಗಳಲ್ಲಿ ಚೀಟಿಯನ್ನು ಬುಟ್ಟಿಯ ಹಿಂದೆ ತಿರುಗಿಸಿಟ್ಟಿದ್ದರು. ನಮ್ಮ ಬೀದಿಯ ಒಂದು ಅಂಗಡಿಯಲ್ಲಿ ಯಜಮಾನರ ಚೀಟಿ ಹೋಗಿ ಅವರ ಹೆಂಡತಿಯ ಹೆಸರಿನ ಚೀಟಿ ಬಂತು. ಪರದೆಯ ಮೇಲೆ ಹೆಂಗಸಿನ ಹೆಸರು ಕಂಡು ಒಂದು ಕ್ಷಣ ಖುಷಿಪಟ್ಟೆ. ಆ ಸಿಮ್ಮು ಇದ್ದದ್ದು ಯಜಮಾನರ ಜೇಬಿನಲ್ಲೇ. ಹೆಸರು ಬದಲಾದರೆ ಸಾಲದು, ಪಿನ್ ಯಾರಿಗೆ ಗೊತ್ತು ಎನ್ನುವುದೂ ಮುಖ್ಯ ಎಂದು ಆವತ್ತು ತಿಳಿಯಿತು.

ಪಿನ್ನಿನ ಮಾತು ಬಂತಲ್ಲ, ಇದೊಂದನ್ನು ಮನೆಯ ಹಿರಿಯರಿಗೆಲ್ಲ ಕೂರಿಸಿ ಹೇಳಬೇಕು: ದುಡ್ಡು ಕಳಿಸುವುದಕ್ಕೆ ಪಿನ್ ಬೇಕು, ಬರುವ ದುಡ್ಡಿಗೆ ಎಂದೂ ಬೇಡ. ‘ನಿಮಗೆ ದುಡ್ಡು ಹಾಕ್ತೀವಿ, ಪಿನ್ ಒತ್ತಿ’ ಎಂದರೆ ಆ ಕ್ಷಣವೇ ಫೋನು ಇಡಬೇಕು. ದುಡ್ಡು ಕೇಳುವ ರಿಕ್ವೆಸ್ಟ್ ಕಳಿಸಿ ಮೋಸ ಮಾಡುತ್ತಿದ್ದರೆಂದೇ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಆ ಸೌಲಭ್ಯವನ್ನೇ ನಿಲ್ಲಿಸಿದ್ದಾರೆ. ಮೋಸದಲ್ಲಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಮೊದಲ ಗಂಟೆಯಲ್ಲಿ ಹೇಳಿದರೆ ದುಡ್ಡು ಸಿಗುವ ಆಸೆ ಹೆಚ್ಚು. ನಮ್ಮ ಖಾತೆಯಿಂದ ಕಡಿತವಾಗಿ ಆ ಕಡೆ ಸೇರದಿದ್ದರೆ ಒಬ್ಬರಿಗೊಬ್ಬರು ಕಳಿಸಿದ್ದು ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದು ಐದು ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕು 2019ರಲ್ಲೇ ಈ ನಿಯಮ ಮಾಡಿದೆ. ಬಹಳ ಜನ ಕೇಳುವುದೇ ಇಲ್ಲ, ಕೇಳಬೇಕು.

ಐದು ದಿನ ನಾವು ಕಾಯಬಹುದು, ಮಲ್ಲಿಗೆ ಕಾಯುವುದಿಲ್ಲ. 2025ರ ಏಪ್ರಿಲ್ 12ರಂದು ದೇಶದುದ್ದಕ್ಕೂ ಗಂಟೆಗಟ್ಟಲೆ ಯುಪಿಐ ಕೈಕೊಟ್ಟಿತು. ಅಂದು ಚೈತ್ರ ಹುಣ್ಣಿಮೆ, ಬೆಂಗಳೂರಿನಲ್ಲಿ ಕರಗ. ವರ್ಷದಲ್ಲಿ ಮಲ್ಲಿಗೆ ಅತಿ ಹೆಚ್ಚು ಬೇಕಾಗುವ ದಿನಗಳಲ್ಲಿ ಅದೂ ಒಂದು. ನಗದು ಇಟ್ಟುಕೊಳ್ಳದೆ ಬಂದ ಗಿರಾಕಿ ಫೋನು ಮೇಲೆತ್ತಿ ಸಿಗ್ನಲ್ ಹುಡುಕುತ್ತಾ ನಿಂತರೆ ಹೂವಿನವರು ಏನು ಮಾಡಬೇಕು? ನಂಬಿ ಕೊಡಬೇಕು, ಇಲ್ಲವೇ ಬಿಸಿಲಿಗೆ ಬಿಡಬೇಕು. ಹಾಗಾಗಿ ಜೇಬಿನಲ್ಲಿ ಇನ್ನೂರು ರೂಪಾಯಿಯ ಸಣ್ಣ ನೋಟು ಇಟ್ಟುಕೊಂಡಿರುವುದು ಹಳೇ ಕಾಲದವರ ಹಠ ಎಂದು ನಾನು ಒಪ್ಪುವುದಿಲ್ಲ. ‘ಕ್ಯಾಶ್ ತಗೊಳಲ್ಲ’ ಎನ್ನುವ ಪಾರ್ಕಿಂಗ್ ಜಾಗ, ಕಾಫಿ ಅಂಗಡಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂದು ಬೋರ್ಡು ಹಾಕಿದ್ದಕ್ಕೆ ಅದು ಸಮ.

ಆದರೆ ನಗದೇ ಇರಲಿ, ಫೋನು ಬೇಡ ಎಂದು ನಾನು ಹೇಳುತ್ತಿಲ್ಲ. ಕೀನ್ಯಾ ದೇಶದಲ್ಲಿ 2007ರಲ್ಲಿ ಎಂ-ಪೆಸಾ ಶುರುವಾದಾಗ ಅದು ಬಟನ್ ಫೋನಿನಲ್ಲೇ ನಡೆಯುವಂತಿತ್ತು. ಸಿಮ್ಮೇ ಖಾತೆ, ಬೀದಿ ಮೂಲೆಯ ಅಂಗಡಿಯೇ ದುಡ್ಡು ಹಾಕುವ ತೆಗೆಯುವ ಜಾಗ. ಸಿಮ್ ತನ್ನದಾದರೆ ದುಡ್ಡು ತನ್ನದು. ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಅಲ್ಲಿನ ಮನೆಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು: ಅದರಿಂದ ಕೀನ್ಯಾದ ಶೇಕಡ 2ರಷ್ಟು ಮನೆಗಳು ಬಡತನದಿಂದ ಮೇಲೆದ್ದಿವೆ, ಹೆಂಗಸರೇ ನಡೆಸುವ ಮನೆಗಳಿಗೆ ಹೆಚ್ಚು ಲಾಭವಾಗಿದೆ, 1,85,000 ಹೆಂಗಸರು ಹೊಟ್ಟೆಪಾಡಿನ ಬೇಸಾಯದಿಂದ ವ್ಯಾಪಾರಕ್ಕೆ ಬಂದಿದ್ದಾರೆ. ಫೋನಿನ ದುಡ್ಡು ಹೆಣ್ಣಿನ ಕೈ ಬಲಪಡಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಿಲ್ಲ. ಫೋನು ಅವಳದಾಗಿರಬೇಕು, ಅಷ್ಟೆ.

ನಮ್ಮಲ್ಲಿ ಅದಕ್ಕೆ ಬೇಕಾದ ಮುಕ್ಕಾಲು ಪಾಲು ಆಗಲೇ ತಯಾರಿದೆ. 2023ರ ಆಗಸ್ಟ್ 30ರಂದು ಇದೇ ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಉದ್ಘಾಟನೆಯಾಯಿತು. ಮನೆಯ ಯಜಮಾನಿಯ ಖಾತೆಗೇ ತಿಂಗಳಿಗೆ ಎರಡು ಸಾವಿರ. ಗಂಡನ ಖಾತೆಗೆ ಹಾಕಬಾರದು ಎಂದು ಸರ್ಕಾರವೇ ಯೋಚಿಸಿ ಮಾಡಿದ್ದು ಅದು. ಅಂದರೆ ಸೊಪ್ಪಿನವರಿಗೂ ಹೂವಿನವರಿಗೂ ಆಧಾರ್ ಜೋಡಿಸಿದ ಸ್ವಂತ ಖಾತೆ ಇದೆ. ಸರ್ಕಾರದ ದುಡ್ಡು ಅವರ ಖಾತೆಗೆ, ಅವರೇ ಬೆವರು ಸುರಿಸಿ ಗಳಿಸಿದ್ದು ಇನ್ನೊಬ್ಬರ ಖಾತೆಗೆ, ಇದ್ಯಾವ ನ್ಯಾಯ? ದುಡ್ಡು ಪಡೆಯುವುದಕ್ಕೆ ಸ್ಮಾರ್ಟ್‌ಫೋನೂ ಬೇಕಿಲ್ಲ. ಬ್ಯಾಂಕೇ ಆ ಖಾತೆಗೆ ಕ್ಯೂಆರ್ ಚೀಟಿ ಮಾಡಿಕೊಡುತ್ತದೆ, ಮೆಸೇಜು ಬಟನ್ ಫೋನಿಗೂ ಬರುತ್ತದೆ. ಬಟನ್ ಫೋನಿನಿಂದಲೇ ಕಳಿಸುವುದಕ್ಕೆ 2022ರಲ್ಲಿ ಯುಪಿಐ 123ಪೇ ಬಂದಿದೆ.

ಎಲ್ಲ ನಿರ್ಧಾರವಾಗುವುದು ಒಂದು ಗಳಿಗೆಯಲ್ಲಿ. ಕಂಪನಿಯ ಟೀಶರ್ಟು ಹಾಕಿದ ಹುಡುಗ ಚೀಟಿ ಹಿಡಿದು ಬುಟ್ಟಿಯ ಮುಂದೆ ಬಂದು ‘ಯಾರ ನಂಬರ್ ಹಾಕ್ಲಿ?’ ಅಂತ ಕೇಳುತ್ತಾನೆ. ಪಕ್ಕದಲ್ಲಿ ನಿಂತ ಮಗನೋ ಅಳಿಯನೋ ತನ್ನ ನಂಬರು ಹೇಳುತ್ತಾನೆ, ಹುಡುಗ ಹಾಕಿಕೊಂಡು ಹೋಗುತ್ತಾನೆ. ದಿನಕ್ಕೆ ಇಷ್ಟು ಚೀಟಿ ಅಂಟಿಸಬೇಕು ಎಂದು ಅವನ ಮೇಲೂ ಒತ್ತಡ. ಆ ಹುಡುಗ ‘ಅಮ್ಮಾ, ನಿಮ್ಮ ಪಾಸ್‌ಬುಕ್ ತೋರಿಸಿ’ ಎಂದು ಕೇಳಬೇಕು. ಹಾಗೆ ಕೇಳಿಸುವುದು ಕಂಪನಿಗಳಿಗೆ, ಬ್ಯಾಂಕುಗಳಿಗೆ, ಸಾಲ ಕೊಡುವ ನಗರಪಾಲಿಕೆಗೆ ಕಷ್ಟದ ಕೆಲಸವಲ್ಲ.

ಹೂವಿನಮ್ಮನ ಖಾತೆಗೆ ಮಗನ ನಂಬರೇ ಇತ್ತು. ಅದನ್ನು ಬದಲಾಯಿಸಲು ಬ್ಯಾಂಕಿಗೆ ಹೋದರೆ ಅರ್ಧ ದಿನದ ಹೂವು ಹೋಯಿತು, ಆಧಾರ್ ಜೆರಾಕ್ಸಿಗೆ ಮತ್ತೆ ಓಡಬೇಕಾಯಿತು. ಜೊತೆಗೆ ಹೋದದ್ದು ಅವರ ಸೊಸೆ. ಫಾರಂ ತುಂಬಿಸಿದ್ದೂ, ಕೌಂಟರಿನಲ್ಲಿ ಗಟ್ಟಿಯಾಗಿ ಮಾತಾಡಿದ್ದೂ ಅವಳೇ. ಚೀಟಿ ಬಂದ ಮೇಲೆ ನಾನು ಸ್ಕ್ಯಾನ್ ಮಾಡಿ ಹೆಸರು ಓದಿ ಹೇಳಿದೆ. ‘ಅದೇ, ಆಧಾರಲ್ಲಿರ ಹೆಸ್ರು’ ಅಂದು ಮೊಳ ಹಾಕುವುದರಲ್ಲಿ ತೊಡಗಿದರು. ಅವರದೇ ಒಂದು ನಿಯಮವೂ ಆಗಿದೆ: ಬೋಣಿ ಯಾವತ್ತೂ ನಗದು, ಇಪ್ಪತ್ತು ರೂಪಾಯಿವರೆಗೆ ನಗದು, ಅದರ ಮೇಲಾದರೆ ಸ್ಕ್ಯಾನು. ಫೋನು ಚಾಚಿಕೊಂಡು ನಿಂತ ಹುಡುಗಿಯರಿಗೆ ಅವರು ಹೇಳುವ ಕಾರಣ ಇಷ್ಟೇ: ‘ಬೆಳಗಿನ ಜಾವ ನಾಕು ಗಂಟೆಗೆ ಹೂವಿನೋರಿಗೆ ನಾನು ಕೊಡಬೇಕಲ್ವೇನವ್ವ?’ ಬೈಕಿನ ಕಂತಿಗೆ ಈಗಲೂ ಕೊಡುತ್ತಾರೆ. ಮಗ ಕೇಳುತ್ತಾನೆ, ಎಷ್ಟು ಬೇಕು ಅನ್ನುತ್ತಾರೆ, ಎಣಿಸಿ ಕೊಡುತ್ತಾರೆ.